ಈಜುಕೊಳದ ಕಲೆ: ಒಂದು ಶಾಸನಾಧ್ಯಯನ

ಹಲ್ಮಿಡಿ ಶಾಸನದ 16 ಸಾಲುಗಳ ಮೇಲೆ ವಿದ್ವಾಂಸರು ಈವರೆಗೆ ಸುರಿಸಿದ ಬೆವರನ್ನು ಒಟ್ಟುಹಾಕಿದರೆ ಒಂದು ಈಜುಕೊಳ ತುಂಬೀತು. ಆದರೆ ಈಜುಕೊಳದ ಒಳಗೇ ಇರುವ ಶಾಸನಗಳತ್ತ ಅವರಾರೂ ಇಣುಕಿಲ್ಲ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಲ್ಲೂ ಈ ಬಗ್ಗೆ ಚಕಾರವಿಲ್ಲ. ಅವರನ್ನು ದೂರುವಂತಿಲ್ಲವೆನ್ನಿ. ಈ ಶಾಸನಗಳಿಗೆ ಹಾಳೆಯಾಗುವ ವಿನೈಲ್ ಹುಟ್ಟಬೇಕಾದರೆ ಗಡಸು ಪಿವಿಸಿ ಮೆತ್ತಗಾಗಬೇಕು; ಅದನ್ನು ಮೆತ್ತಗಾಗಿಸುವ ಉಪಾಯ ಅಮೆರಿಕದ ಆಕ್ರನ್ ಊರಿನಲ್ಲಿ ವಾಲ್ಡೊ ಸೆಮನ್ ಅವರಿಗೆ ಹೊಳೆದದ್ದೇ 1926ರಲ್ಲಿ. ಅಷ್ಟರಲ್ಲಿ ಆ ಸಂಪುಟಗಳು ಅಚ್ಚಾಗಿ ಗ್ರಂಥಾಲಯಗಳಲ್ಲಿ ಧೂಳು ತಿನ್ನುತ್ತಿದ್ದವು. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸನ ದೊರೆತ ಸ್ಥಳ: ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ಹಿತ್ತಿಲ ಈಜುಕೊಳ, ಆಳದ ಬದಿಯ ಪಡುಗೋಡೆ. ಮಾಧ್ಯಮ: ಅರ್ಧ–ಮುಕ್ಕಾಲು ಮಿಲಿಮೀಟರ್ ದಪ್ಪದ ನೀಲಿ ವಿನೈಲ್ ಲೈನರ್. ಲಿಪಿ: ಕಪ್ಪು ಮತ್ತು ನಸುಗೆಂಪು, ದುಂಡಗೆ. ಭಾಷೆ: ಅನಿಶ್ಚಿತ. ಸ್ಥಿತಿ: ಉಜ್ಜಿ ಉಜ್ಜಿ ಹದಗೆಟ್ಟಿದೆ.

ಇಂಥ ಶಾಸನಗಳ ಬಗ್ಗೆ ಕೊಳದೊಡೆಯರಲ್ಲಿ ಎರಡು ಪಂಥಗಳಿವೆ. ಉಜ್ಜುವಾದಿಗಳು ಬ್ರಷ್ಷನ್ನೇ ಪ್ರಮಾಣವೆನ್ನುತ್ತಾರೆ. ಇವರಲ್ಲಿ ನೈಲಾನ್ ಶಾಖೆ ಸೌಮ್ಯ. ತಂತಿ ಬ್ರಷ್ ಶಾಖೆ ಮಾತ್ರ ಶಾಸನದ ಜೊತೆಗೆ ಲೈನರನ್ನೂ ಹರಿದು ಮೋಕ್ಷ ಕಾಣಿಸುತ್ತದೆ. ಸುರಿವಾದಿಗಳದು ಕ್ಲೋರಿನ್ ಮಾರ್ಗ. ಇವರಲ್ಲೊಬ್ಬರು ಕ್ಲೋರಿನ್ ಗುಳಿಗೆಯೊಂದನ್ನು ಕೊಳದ ತಳದಲ್ಲಿ ಕಂಡ ಕಲೆಯ ಮೇಲೇ ಇಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ನೀಲಿ ನೆಲ ಬಿಳಿಚಿ, ಕಪ್ಪು ಶಾಸನದ ಪಕ್ಕದಲ್ಲೊಂದು ಶ್ವೇತಶಾಸನ ಸೇರ್ಪಡೆಯಾಗಿತ್ತು. ಎರಡೂ ಪಂಥಗಳ ಮೂಲದೋಷ ಒಂದೇ: ಶಾಸನವನ್ನು ಓದುಗನ ಕಡೆಯಿಂದ ಬರೆಯಲಾಗಿದೆಯೆಂದು ಇವರು ನಂಬಿದ್ದಾರೆ.

ನಮ್ಮ ಸಿದ್ಧಾಂತ ಬೇರೆ. ಲಿಪಿಕಾರ ಕೂತಿರುವುದು ಹಾಳೆಯ ಹಿಂದೆ, ಮಣ್ಣಿಗೂ ವಿನೈಲಿಗೂ ನಡುವಿನ ತೇವದ ಕತ್ತಲಲ್ಲಿ. ಕಪ್ಪು, ಬೂದು ಅಕ್ಷರಗಳು ಹೆಚ್ಚಾಗಿ ಅಲ್ಲಿನ ಬೂಷ್ಟಿನ ಕೈಬರಹ. ನಸುಗೆಂಪಿನ ಲಿಪಿಕಾರ ಬೂಷ್ಟೂ ಅಲ್ಲ, ಬ್ಯಾಕ್ಟೀರಿಯಾದ ಕುಲಕ್ಕೆ ಸೇರಿದವನು. ಸ್ಟ್ರೆಪ್ಟೊವರ್ಟಿಸಿಲಿಯಂ ರೆಟಿಕ್ಯುಲಂ ಎಂದು ಅವನ ನಾಮಧೇಯ. ಇವನ ಬಣ್ಣ, ವಿನೈಲನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಎಣ್ಣೆಯಲ್ಲಿ ಕರಗಿ, ಹಾಳೆಯನ್ನು ಹಾದು, ಈಜುವವರ ಕಡೆ ಬಂದು ನಿಲ್ಲುತ್ತದೆ. ಮುಂದಿನಿಂದ ಕ್ಲೋರಿನ್ ಸುರಿದರೆ ಅಕ್ಷರ ಮಸುಕಾದೀತು, ಬರೆಯುವವನ ಕೂದಲೂ ಕೊಂಕುವುದಿಲ್ಲ. ಕೆಲವು ವಾರಗಳಲ್ಲಿ ಅದೇ ಪಾಠ ಮತ್ತೆ ಮೂಡಿದಾಗ ಅದನ್ನು ‘ಪರಿಷ್ಕೃತ ಆವೃತ್ತಿ’ ಎಂದು ಕರೆಯುವುದು ವಾಡಿಕೆ.

ಲಿಪಿಕಾರನ ಜೀವನೋಪಾಯವೇನು? ಇದು ಆರ್ಥಿಕ ಇತಿಹಾಸಕಾರರು ಗಮನಿಸಬೇಕಾದ ವಿಚಾರ. ಆ ಪ್ಲಾಸ್ಟಿಸೈಜರ್ ಎಣ್ಣೆಯೇ ಇಂಥ ಸೂಕ್ಷ್ಮಜೀವಿಗಳಿಗೆ ಆಹಾರ. ಅಂದರೆ ಲೈನರ್ ಕೊಂಡ ಮನೆಯೊಡೆಯ ತನ್ನರಿವಿಲ್ಲದೆಯೇ ಲಿಪಿಕಾರನಿಗೆ ಉಂಬಳಿ ಬಿಟ್ಟುಕೊಟ್ಟಿದ್ದಾನೆ. ಈ ಉಂಬಳಿಯನ್ನು ರದ್ದುಪಡಿಸಲು ತಯಾರಕರು ಆರ್ಸೆನಿಕ್ ಬೆರೆತ ಓಬಿಪಿಎ ಎಂಬ ವಿಷವನ್ನು ವಿನೈಲಿನಲ್ಲೇ ಸೇರಿಸಿದ್ದುಂಟು. ರಾಜರು ಕೂಡ ಬ್ರಹ್ಮದೇಯಗಳನ್ನು ಹಿಂಪಡೆಯಲು ಇಷ್ಟು ದೂರ ಹೋಗುತ್ತಿರಲಿಲ್ಲ.

ಕೂಟಶಾಸನಗಳ ಬಗ್ಗೆ ಎಚ್ಚರಿಕೆ ಅಗತ್ಯ. ನೀರಿನಲ್ಲಿರುವ ಕಬ್ಬಿಣವೂ ಕಂದು ಕಲೆ ಬಿಡುತ್ತದೆ. ಅದನ್ನು ಮೂಲಶಾಸನವೆಂದು ಸಂಪಾದಿಸಿ ಮಾನ ಕಳೆದುಕೊಂಡವರಿದ್ದಾರೆ. ಪರೀಕ್ಷೆ ಸುಲಭ. ವಿಟಮಿನ್ ಸಿ ಮಾತ್ರೆಯನ್ನು ಕಲೆಯ ಮೇಲೆ ಒತ್ತಿ ಹಿಡಿಯಿರಿ. ಮಾಯವಾದರೆ ಅದು ಕಬ್ಬಿಣದ ಕಿತಾಪತಿ. ಉದುರೆಲೆಗಳ ಕಂದು ಗುರುತುಗಳು ಕ್ಲೋರಿನ್ನಿಗೆ ಶರಣಾಗುತ್ತವೆ. ಎರಡಕ್ಕೂ ಜಗ್ಗದ್ದೇ ನಮ್ಮ ಶಾಸನ.

ಇನ್ನು ತಾಮ್ರಪಟಕ್ಕೆ ಸಮಾನವಾದ ಪೂರಕ ದಾಖಲೆಯೊಂದು ಅಡುಗೆಮನೆಯ ಡ್ರಾಯರಿನಲ್ಲಿ ಸಿಕ್ಕಿದೆ: ವಾರಂಟಿ ಪತ್ರ. ಇದರ ರಚನೆ ಅಚ್ಚರಿಗೊಳಿಸುವಷ್ಟು ಸಾಂಪ್ರದಾಯಿಕ. ಮೊದಲು ಪ್ರಶಸ್ತಿ, ಲೈನರಿನ ದಪ್ಪ, ಬಣ್ಣ, ಬೆಸುಗೆಯ ಗುಣಗಾನ. ಬಳಿಕ 25 ವರ್ಷಗಳ ದತ್ತಿ. ಇದು ಆಚಂದ್ರಾರ್ಕವಲ್ಲ, ವರ್ಷ ವರ್ಷ ಸವೆಯುತ್ತ ಹೋಗುತ್ತದೆ, ಅದೂ ಬೆಸುಗೆಗಷ್ಟೇ. ಲೈನರಿನ ಸಾಮಾನ್ಯ ಆಯುಸ್ಸು ಹತ್ತು ವರ್ಷದ ಆಸುಪಾಸು ಎಂಬುದನ್ನು ನೆನೆದರೆ ದಾನಿಯ ಔದಾರ್ಯ ಮನದಟ್ಟಾಗುತ್ತದೆ. ಕೊನೆಗೆ ಅತಿ ಸಣ್ಣ ಅಕ್ಷರಗಳಲ್ಲಿ ಶಾಪಾಶಯ. ಪ್ರಾಚೀನರು ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಗಲಲಿ ಎನ್ನುತ್ತಿದ್ದರು. ಇಲ್ಲಿ ಕಲೆ, ಬಣ್ಣಗೇಡು, ಬೂಷ್ಟಿಗೆ ದತ್ತಿ ಅನ್ವಯಿಸದು ಎಂದಿದೆ. ಶಾಪ ದಾನ ಕೆಡಿಸಿದವನಿಗಲ್ಲ, ಪಡೆದವನಿಗೆ. ಶಾಸನ ಪರಂಪರೆಗೆ ಅಮೆರಿಕದ ಕೊಡುಗೆ ಇದೇ ಇರಬೇಕು.

ಉತ್ಖನನ ಮಾಡೋಣವೆಂದರೆ ಕೊಳ ಬರಿದು ಮಾಡಬೇಕು. ಬರಿದಾದರೆ ಒಳಗಿನ ನೀರಿನ ಭಾರ ತಪ್ಪಿ, ಅಡಿಯ ಅಂತರ್ಜಲ ಲೈನರನ್ನೇ ಮೇಲೆತ್ತಬಹುದು. ಹಳೆಯ ಹಾಳೆಯಾದರೆ ಕುಗ್ಗಿ, ಮತ್ತೆ ನೀರು ತುಂಬುವಾಗ ಹರಿಯಲೂಬಹುದು. ಹೊಸ ಲೈನರ್ ಹಾಕಿಸುವ ದಿನದವರೆಗೆ ಕಾಯುವುದೇ ಕ್ಷೇಮ. ಅಂದೂ ಹಿಂದಿನ ಮಣ್ಣಿನ ತೇವಕ್ಕೆ ದಾರಿ ಮಾಡದೆ ಹಾಳೆ ಮಾತ್ರ ಬದಲಿಸಿದರೆ, ಲಿಪಿಕಾರನಿಗೆ ಹೊಸ ಓಲೆಗರಿ ಒದಗಿಸಿದಂತೆ.

ಈ ನಡುವೆ ಮನೆಯೊಡತಿ ಶಾಸನದ ಮೇಲೆ ಡಾಲ್ಫಿನ್ ಚಿತ್ರದ ದೊಡ್ಡ ಸ್ಟಿಕ್ಕರ್ ಅಂಟಿಸಿ ಅಧ್ಯಯನಕ್ಕೆ ತೆರೆ ಎಳೆದಿದ್ದಾರೆ. ಮತ್ಸ್ಯಲಾಂಛನ ಪಾಂಡ್ಯರದು. ನ್ಯೂಜೆರ್ಸಿ ಅವರ ಆಳ್ವಿಕೆಗೆ ಒಳಪಟ್ಟಿತ್ತೆಂದು ಮುಂದಿನವರು ವಾದಿಸಿದರೆ ಅಲ್ಲಗಳೆಯುವುದು ಕಷ್ಟ. ಡಾಲ್ಫಿನ್ ಮೀನೇ ಅಲ್ಲ, ಸಸ್ತನಿ ಎಂಬ ಆಕ್ಷೇಪಕ್ಕೆ ಪ್ರತ್ಯೇಕ ಲೇಖನದಲ್ಲಿ ಉತ್ತರಿಸಲಾಗುವುದು.