ತಕ್ಕಡಿ ಏರಿದ ಎಸ್‌ಎಂಪಿಎಸ್

ಅಣ್ಣನ ಮಗನಿಗೆ ಕಂಪ್ಯೂಟರಿನಲ್ಲಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡೇ ಬೇಕಂತೆ. ಮನೆಯ ಹಳೇ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿ, ಅದನ್ನು ತಡೆದೀತೇ ಎಂದು ಸೊಲ್ಲಾಪುರದ ಅಂಗಡಿಯೊಂದರಲ್ಲಿ ಕೇಳಿದರೆ, "ಬಿಂದಾಸ್ ಚಲ್ತದ್ರಿ" ಎಂದ. ಮಾರುವವರ ಬಾಯಲ್ಲಿ ಎಲ್ಲವೂ ಬಿಂದಾಸ್.

ಒಳ್ಳೇ ಎಸ್‌ಎಂಪಿಎಸ್ ಭಾರ ಇರುತ್ತದೆ ಎಂದು ಎಲ್ಲೋ ಕೇಳಿದ್ದೆ. ಅಕ್ಕಲಕೋಟಕ್ಕೆ ಮರಳಿದವನೇ ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿ, ಆ ಡಬ್ಬಿ ಹೊರತೆಗೆದು, ಧೂಳು ಕೊಡವಿ, ಓಣಿಯ ಕಿರಾಣಿ ಅಂಗಡಿಯ ತಕ್ಕಡಿ ಮೇಲಿಟ್ಟೆ. ಅಂಗಡಿಯವರು ಗಂಭೀರವಾಗಿ ಕೇಳಿದರು:

"ವೈರ್ ಹಿಡದ ತೂಗಲ್ಯಾ, ಬಿಟ್ಟ ತೂಗಲ್ಯಾ?"

ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ವೈರಿನ ಗಂಟನ್ನು ಮೇಲೆತ್ತಿ ಹಿಡಿದೆ. ಡಬ್ಬಿಯೂ ಅರ್ಧ ಎದ್ದು 430 ಗ್ರಾಂ ತೋರಿಸಿತು. ಕೈ ಸಡಿಲಿಸಿದರೆ 610. ಪೂರ್ತಿ ಬಿಟ್ಟರೆ 780. ಉಸಿರು ಬಿಗಿಹಿಡಿದೆ, ಯಾಕೋ ತಿಳಿಯದು, ಅಂಗಡಿಯವರೂ ಹಿಡಿದರು. ಶೇಂಗಾ ಹಿಂಡಿಗೆ ಕಾದಿದ್ದ ಆಯಿ ಬಗ್ಗಿ ನೋಡಿ, "ಕಿಲೋಕ ಹ್ಯಾಂಗ್ ಕೊಟ್ಟೀರಿ ಇದು?" ಎಂದರು.

ಕಡೆಗೆ ಅಂಗಡಿಯವರೇ ಕನ್ನಡಕ ಏರಿಸಿ ಸ್ಟಿಕ್ಕರ್ ಓದಿದರು. ದಪ್ಪಕ್ಷರದಲ್ಲಿ 450 ವ್ಯಾಟ್. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ: 12 ವೋಲ್ಟ್, 18 ಆಂಪಿಯರ್. ಬಿಲ್ಲಿನ ಬೆನ್ನಿಗೆ ಗುಣಿಸಿದೆವು: 216 ವ್ಯಾಟ್. ಕಾರ್ಡು, ಪ್ರೊಸೆಸರು ಎರಡೂ ಉಣ್ಣುವುದು ಈ 12 ವೋಲ್ಟಿನಲ್ಲೇ. ಕಾರ್ಡಿಗೆ 170, ಪ್ರೊಸೆಸರಿಗೆ 65, ಅಲ್ಲಿಗೇ 235. ಫ್ಯಾನು, ಡಿಸ್ಕು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

"ಜಮಾ ಕಮ್ಮಿ, ಖರ್ಚು ಜಾಸ್ತಿ," ಅಂಗಡಿಯವರು ತೀರ್ಪು ಕೊಟ್ಟರು. ಕಾರ್ಡಿನ ಕಂಪನಿಯೇ 550 ವ್ಯಾಟ್ ಇರಲಿ ಅನ್ನುತ್ತದೆಂದು ಹುಡುಗ ಆಮೇಲೆ ಬಾಯಿಬಿಟ್ಟ.

ಸಿಟ್ಟು ಬಂದದ್ದು ಬೇರೆ ಮಾತಿಗೆ. ಕಾರ್ಡಿಗೆ ಕರೆಂಟು ಒಯ್ಯುವ 8 ಪಿನ್ನಿನ ವೈರ್ ಇಲ್ಲದಿದ್ದರೂ ಕನ್ವರ್ಟರ್ ಸಿಕ್ಕಿಸಿಕೊಡುತ್ತೇನೆ ಎಂದಿದ್ದ ಆ ಬಿಂದಾಸ್ ಮನುಷ್ಯ. ಆ ದಾರಿಯಲ್ಲಿ 150 ವ್ಯಾಟ್‌ವರೆಗೂ ಹರಿಯಬಹುದು. ತೆಳು ವೈರ್ ಕಾದು ಕರಗಿದರೆ? ಹುಡುಗ ಹೆಡ್‌ಫೋನ್ ಹಾಕಿ ಕೂರುವ ಕೋಣೆಯಲ್ಲೇ ನಮ್ಮವ್ವ ಚಾದರ ಹೊದ್ದು ಮಲಗುತ್ತಾಳೆ.

ಜಿಟಿಎಕ್ಸ್ 1650 ತರೋಣ ಎಂದೆ. 75 ವ್ಯಾಟ್, ಬಹಳಷ್ಟು ಮಾದರಿಗಳಿಗೆ ಮದರ್‌ಬೋರ್ಡಿನ ಸ್ಲಾಟೇ ಸಾಕು. ಹುಡುಗ ಮುಖ ಗಂಟಿಕ್ಕಿದ.

"ಅದರಾಗ ರೇ ಟ್ರೇಸಿಂಗ್ ಇಲ್ಲ ಕಾಕಾ."

"ಹಂಗಂದ್ರೇನೋ?"

"ನೀರಾಗ ಬೆಳಕ ಬಿದ್ದದ್ದು ಖರೇ ಅದ ಅನ್ನೂವಂಗ ಕಾಣಸ್ತದ."

"ಅಷ್ಟ ಹೌದಿಲ್ಲೋ? ನಾಳಿ ಸಂಜೀಕ ಸೊಲ್ಲಾಪುರಕ್ಕ ನಡಿ, ಸಿದ್ಧೇಶ್ವರ ಕೆರೀ ದಂಡ್ಯಾಗ ಕೂಡೂಣು. ಬಸ್ ಚಾರ್ಜ್ ನಂದು."