ನಿಂತಲ್ಲೇ ನಡುಗುವ ಪಿಕಪ್ಪು: ಬಳಕೆದಾರರ ಕೈಪಿಡಿ, ಕೃಷ್ಣರಾಜಪೇಟೆ ಆವೃತ್ತಿ

ಗಾಡಿಯ ಜೊತೆ ಕಂಪನಿ ಕೊಟ್ಟ ಪುಸ್ತಕ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ, ಇನ್ಶೂರೆನ್ಸ್ ಕಾಗದ ಮತ್ತು ಒಣಗಿದ ನಿಂಬೆಹಣ್ಣಿನ ಕೆಳಗೆ ಭದ್ರವಾಗಿದೆ. ಅದನ್ನು ಅಲ್ಲೇ ಬಿಡಿ. ಅದನ್ನು ಬರೆದವರು ಸಂತೆಬಾಚಹಳ್ಳಿ ರಸ್ತೆ ನೋಡಿದವರಲ್ಲ, ಒಂದು ಟನ್ನಿನ ಗಾಡಿಗೆ ಎಷ್ಟು ಎಳನೀರು ಹಿಡಿಯುತ್ತದೆ ಎಂಬುದನ್ನೂ ಬಲ್ಲವರಲ್ಲ.

ಬೇಕಾಗುವ ಸಾಮಾನು: ಸ್ಪ್ಯಾನರ್ ಸೆಟ್ಟು, ಹಳೆ ಬನಿಯನ್ನು, ತೊಳೆದು ಒಣಗಿಸಿದ ಗಾಜಿನ ಬಾಟಲಿ, ಹೊಸ ಡೀಸಲ್ ಫಿಲ್ಟರ್, ಮೊಬೈಲ್ ಟಾರ್ಚ್ ಹಿಡಿಯಲು ಒಬ್ಬ ಭಾವಮೈದ. ಭಾವಮೈದ ಬೆಳಕನ್ನು ನಿಮ್ಮ ಕೈ ಇರುವ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಹಿಡಿಯುತ್ತಾನೆ. ಇದು ಗಾಡಿಯ ದೋಷವಲ್ಲ.

ಮೊದಲ ಹಂತ: ಕಾಯಿಲೆ ಗುರುತಿಸುವುದು. ಆಕ್ಸಿಲೇಟರ್ ಮೇಲೆ ಕಾಲಿಲ್ಲದಾಗ ಎಂಜಿನ್ ನಿಮಿಷಕ್ಕೆ ಸುಮಾರು 750ರಿಂದ 900 ಸುತ್ತಿನಲ್ಲಿ ಒಂದೇ ಸಮನೆ ಓಡಬೇಕು. ಅದು ಏರಿ ಇಳಿಯುತ್ತಿದ್ದರೆ, ಮಿಸ್ಸಿಂಗ್ ಹೊಡೆಯುತ್ತಿದ್ದರೆ, ಕಿಕ್ಕೇರಿ ಬಸ್ ಸ್ಟ್ಯಾಂಡಿನ ಮುಂದೆ ಎಲ್ಲರೂ ನೋಡುತ್ತಿರುವಾಗಲೇ ಆಫ್ ಆಗುತ್ತಿದ್ದರೆ ಮುಂದೆ ಓದಿ. ಎಂಜಿನ್ ಸದ್ದು ಸರಿಯಿದ್ದು ಗಾಡಿ ಮಾತ್ರ ಅದುರುತ್ತಿದ್ದರೆ ಮೌಂಟಿಂಗ್ ರಬ್ಬರ್ ಸತ್ತಿರಬಹುದು. ನೀವು ಗ್ಯಾರೇಜಿಗೆ ಹೊರಡಬಹುದು.

ಎರಡನೆಯ ಹಂತ: ಬಂಕನ್ನು ಬೈಯುವುದು. ಇದನ್ನು ಬಿಟ್ಟು ಮೂರನೆಯದಕ್ಕೆ ಹಾರಿದವರನ್ನು ತಾಲ್ಲೂಕಿನಲ್ಲಿ ನಾನು ಕಂಡಿಲ್ಲ. "ಡೀಸಲ್ ಸರಿಯಿಲ್ಲ ಕಣಣ್ಣ, ಸೀಮೆಎಣ್ಣೆ ಬೆರೆಸವ್ರೆ" ಎಂದು ಎದುರಂಗಡಿಯವರು ಬಾನೆಟ್ ತೆರೆಯುವ ಮೊದಲೇ ತೀರ್ಪು ಕೊಡುತ್ತಾರೆ. ಅವರ ಬಳಿ ಇರುವುದು ಬೈಕು, ಅದು ಓಡುವುದು ಪೆಟ್ರೋಲಿನಲ್ಲಿ. ದೀಪ ಹಚ್ಚಲೂ ಸಿಗದ ಸೀಮೆಎಣ್ಣೆ ಬಂಕಿನವರಿಗೆ ಎಲ್ಲಿ ಸಿಕ್ಕಿತು ಎಂದು ಕೇಳಬೇಡಿ, ಮಾತು ಬೆಳೆಯುತ್ತದೆ. ಪೇಟೆಯವರು ಪಾಂಡವಪುರದ ಡೀಸಲ್ ಒಳ್ಳೆಯದೆನ್ನುತ್ತಾರೆ. ಪಾಂಡವಪುರದವರು ಶ್ರೀರಂಗಪಟ್ಟಣದ ಹೈವೇ ಬಂಕಿಗೆ ಹೋಗಿ ಎನ್ನುತ್ತಾರೆ. ನಾಗಮಂಗಲದವರು ಬೆಳ್ಳೂರು ಕ್ರಾಸ್ ಮುಟ್ಟುವ ತನಕ ಯಾವ ಬಂಕನ್ನೂ ನಂಬುವುದಿಲ್ಲ. ಒಳ್ಳೆಯ ಡೀಸಲ್ ಯಾವತ್ತೂ ಪಕ್ಕದ ಊರಲ್ಲಿರುತ್ತದೆ.

ಬೈಯಲೇಬೇಕೆಂದಿದ್ದರೆ ಅಳೆದು ಬೈಯಿರಿ. ಇದಕ್ಕೆ ಹಕ್ಕಿದೆ, ಬಳಸುವವರಿಲ್ಲ. ಹೈಡ್ರೋಮೀಟರ್, ಥರ್ಮಾಮೀಟರ್, ಅರ್ಧ ಲೀಟರಿನ ಗಾಜಿನ ಜಾರ್, ಲೆಕ್ಕದ ಪಟ್ಟಿ, ಇವಿಷ್ಟೂ ಬಂಕಿನಲ್ಲೇ ಇರಬೇಕು, ಕೇಳಿದವರಿಗೆ ತೋರಿಸಬೇಕು. ಸಾಂದ್ರತೆ ಅಳೆದು ಪಟ್ಟಿ ನೋಡಿ 15 ಡಿಗ್ರಿಗೆ ಹೊಂದಿಸುತ್ತಾರೆ. ನಮ್ಮಲ್ಲಿ ಮಧ್ಯಾಹ್ನ 15 ಡಿಗ್ರಿ ಕಂಡವರಿಲ್ಲ, ಪಟ್ಟಿ ಇರುವುದೇ ಅದಕ್ಕೆ. ಬಂದ ಸಂಖ್ಯೆಗೂ ಟ್ಯಾಂಕರ್ ಚಲನ್‌ನಲ್ಲಿ ಬರೆದದ್ದಕ್ಕೂ ಘನ ಮೀಟರಿಗೆ 3 ಕಿಲೋಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಡೀಸಲ್ ಸಾಮಾನ್ಯವಾಗಿ 820ರಿಂದ 845ರ ನಡುವೆ ತೂಗುತ್ತದೆ, ಸೀಮೆಎಣ್ಣೆ 800ರ ಆಸುಪಾಸು. ಕಲಬೆರಕೆ ಜಾಸ್ತಿಯಾದರೆ ಸಂಖ್ಯೆ ಕೆಳಗಿಳಿಯುತ್ತದೆ. ಅಳತೆಯ ಮೇಲೂ ಅನುಮಾನವಿದ್ದರೆ ಮುದ್ರೆ ಒತ್ತಿದ 5 ಲೀಟರ್ ಕ್ಯಾನು ಕೇಳಿ. 25 ಮಿಲಿಗಿಂತ ಹೆಚ್ಚು ಕಡಿಮೆ ಬಂದರೆ ಈಗ ದನಿ ಏರಿಸಬಹುದು. ನಿಮ್ಮ ಹಿಂದೆ ಸಾಲು ನಿಂತವರು ಹಾರನ್ ಬಾರಿಸುತ್ತಾರೆ. ಬಾರಿಸಲಿ.

ಮೂರನೆಯ ಹಂತ: ಬಾಟಲಿ. ಇದು ಈ ಕೈಪಿಡಿಯ ಜೀವಾಳ, ಹಾಗಾಗಿ ಭಾವಮೈದನನ್ನು ಎಬ್ಬಿಸಿ. ಫಿಲ್ಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಬರುವುದನ್ನು ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಬಿಡಿ. ಡೀಸಲಿನ ಕೆಳಗೆ ಬೇರೆ ಪದರ ಕಂಡರೆ ಅದು ನೀರು. ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಮುಜುಗರದ ಉತ್ತರಗಳಿವೆ. ನಾಲೆಯಲ್ಲಿ ಗಾಡಿ ತೊಳೆದಾಗ ಟ್ಯಾಂಕಿನ ಮುಚ್ಚಳ ಸಡಿಲವಿತ್ತು. ಪಂಪ್‌ಸೆಟ್ಟಿಗೆಂದು ತಂದ ಡೀಸಲ್ ಕ್ಯಾನು ಗದ್ದೆ ಬದುವಿನಲ್ಲಿ ಬಾಯಿ ತೆರೆದುಕೊಂಡು ಮಳೆಯಲ್ಲಿ ನೆನೆದಿತ್ತು. ಇನ್ನೂರು ರೂಪಾಯಿಗಷ್ಟೇ ಹಾಕಿಸಿ ಟ್ಯಾಂಕನ್ನು ಸದಾ ಖಾಲಿ ಇಡುವುದರಿಂದ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವ ಹನಿಗಟ್ಟಿ ಇಳಿಯಿತು. ನೀರು ಮತ್ತು ಡೀಸಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತವೆ. ಅದು ಫಿಲ್ಟರನ್ನು ಬಿಗಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಇದರಲ್ಲಿ ಬಂಕಿನ ಪಾಲೂ ಇರಬಹುದು, ನೆಲದೊಳಗಿನ ಟ್ಯಾಂಕಿಗೂ ಮಳೆನೀರು ಇಳಿಯುತ್ತದೆ. ಆದರೆ ಬಾಟಲಿ ನೋಡದೆ ಯಾರ ಪಾಲು ಎಷ್ಟೆಂದು ಹಂಚಬೇಡಿ. ಎಷ್ಟೋ ಗಾಡಿಗಳಲ್ಲಿ ನೀರು ಸೇರಿದರೆ ಹೇಳಲು ಒಂದು ದೀಪವಿದೆ. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ ದೇವರ ಪಟವನ್ನು ಒಂದಿಷ್ಟು ಸರಿಸಿ ನೋಡಿ.

ಫಿಲ್ಟರ್ ಬದಲಿಸಿದ ಮೇಲೆ ಲೈನಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. "ಏರ್ ಹಿಡ್ಕಂಡದೆ" ಎಂದು ಗ್ಯಾರೇಜಿನವರು ಹೇಳುವುದು ಇದನ್ನೇ. ಕೈಪಂಪು ಗಟ್ಟಿಯಾಗುವ ತನಕ ಒತ್ತಿ. ಅಷ್ಟಕ್ಕೇ ನಿಲ್ಲಿಸಿ. ಹಳೇ ಗಾಡಿಯ ಅಭ್ಯಾಸದಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆಯುವುದನ್ನು ಕಾಮನ್ ರೈಲ್ ಎಂಜಿನ್ನಿಗೆ ತರಬೇಡಿ. ಟೈರಿನಲ್ಲಿರುವುದು ನಾಲ್ಕೈದು ಬಾರ್ ಒತ್ತಡ, ಆ ಪೈಪಿನಲ್ಲಿ ಅದು ಸಾವಿರ ಬಾರ್ ದಾಟುತ್ತದೆ. ಅಂಥ ಒತ್ತಡದ ಡೀಸಲ್ ಅಂಗೈ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು. ಈ ಸಾಲು ತಮಾಷೆಗೆ ಬರೆದದ್ದಲ್ಲ.

ನಾಲ್ಕನೆಯ ಹಂತ: ಐಡ್ಲಿಂಗ್ ಸ್ಕ್ರೂ. ಹಳೇ ಪಂಪಿನ ಗಾಡಿಗಳಲ್ಲಿ ಇತ್ತು, ತಿರುಗಿಸಿದವರೆಲ್ಲ ಮೆಕ್ಯಾನಿಕ್ಕುಗಳಾಗಿದ್ದರು. ಹೊಸ ಗಾಡಿಗಳಲ್ಲಿ ಆ ಕೆಲಸ ಕಂಪ್ಯೂಟರಿನದು, ಆದ್ದರಿಂದ ಹುಡುಕಬೇಡಿ. 2020ರ ಏಪ್ರಿಲ್ 1ರಿಂದ ದೇಶವೆಲ್ಲ ಬಿಎಸ್-6ಕ್ಕೆ ಬದಲಾಯಿತು. ಡೀಸಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಹೊಗೆಯನ್ನು ಸೋಸುವ ಜಾಲರಿ ಬಂತು, ಅದರಲ್ಲಿ ಕೂತ ಮಸಿ ಸುಡಲು ಗಾಡಿ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ತೋಟದಿಂದ ಸಂತೆಗೆ, ಸಂತೆಯಿಂದ ತೋಟಕ್ಕೆ ಮಾತ್ರ ಓಡುವ, ತೂಕ ಮುಗಿಯುವವರೆಗೆ ಆನ್‌ನಲ್ಲೇ ನಿಲ್ಲುವ ಗಾಡಿಗೆ ಆ ಭಾಗ್ಯವಿಲ್ಲ. ಜಾಲರಿಯಲ್ಲೂ ಇಜಿಆರ್ ವಾಲ್ವಿನಲ್ಲೂ ಮಸಿ ಕಟ್ಟುತ್ತದೆ, ನಡುಕ ಶುರುವಾಗುತ್ತದೆ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಿಬರುವ ಗಾಡಿಗಳಿಗೆ ಈ ಕಾಟ ಕಡಿಮೆ. ನಿಮ್ಮದಕ್ಕೂ ಆಗಾಗ ಅಂಥದ್ದೊಂದು ಬಾಡಿಗೆ ಹಿಡಿಯಿರಿ.

ಇಷ್ಟರಲ್ಲೂ ಸರಿಹೋಗದಿದ್ದರೆ ಹೊಗೆ ನೋಡಿ. ಕಪ್ಪು ಹೊಗೆಯಾದರೆ ಗಾಳಿ ಸಾಲುತ್ತಿಲ್ಲ, ಏರ್ ಫಿಲ್ಟರ್ ಬಡಿದು ನೋಡಿ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು, ಸ್ಕ್ಯಾನರ್ ಇರುವ ಗ್ಯಾರೇಜು ಹುಡುಕಿ. ನೀಲಿಯಾದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ಅದಕ್ಕೆ ಬೇರೆ ಕೈಪಿಡಿ, ಸೊಸೈಟಿಯಲ್ಲಿ ಸಾಲಕ್ಕೆ ಬೇರೆ ಅರ್ಜಿ.