ಕೊಸರಿಗೆ ಬಂದ ಕಂಬ

ಸೊಪ್ಪು ಕೊಳ್ಳುವವರಿಗೆ ಗೊತ್ತು, ಚೌಕಾಸಿಯ ಸುಖವಿರುವುದು ಸೊಪ್ಪಿನಲ್ಲಲ್ಲ, ಕೊಸರಿನಲ್ಲಿ. ನಾಲ್ಕು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು ಚೀಲಕ್ಕೆ ಬಿದ್ದರೇ ವ್ಯಾಪಾರ ಕುದುರಿದಂತೆ. 2001ರ ಜೂನ್‌ನಲ್ಲಿ ಕೆನಡಾದ ಒಟ್ಟಾವಾ ಸೆನೆಟರ್ಸ್ ಐಸ್ ಹಾಕಿ ತಂಡ ಮಾಡಿದ್ದೂ ಇಂಥದೇ ವ್ಯಾಪಾರ. ತನ್ನ ತಾರೆ ಅಲೆಕ್ಸಿ ಯಾಶಿನ್‌ನನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು, ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಆ ವರ್ಷದ ಡ್ರಾಫ್ಟ್‌ನ ಎರಡನೇ ಆಯ್ಕೆಯ ಹಕ್ಕನ್ನೂ ಬಿಲ್ ಮಕಾಲ್ಟ್ ಎಂಬ ಆಟಗಾರನನ್ನೂ ಪಡೆಯಿತು. ಕೊಸರಿಗೆ ಆರಡಿ ಒಂಬತ್ತಿಂಚಿನ ಸ್ಲೊವಾಕ್ ಡಿಫೆಂಡರ್ ಜ್ದೆನೊ ಚಾರಾ. ಚೀಲಕ್ಕೆ ಹಿಡಿಸುವ ಅಳತೆಯಲ್ಲ.

ಹಾಕಿ ಎಂದೊಡನೆ ಕೊಡಗಿನ ಮೈದಾನ ನೆನೆಯುವವರಿಗೆ ಇದು ಬೇರೆಯೇ ಲೋಕ. ಹುಲ್ಲಿನ ಮೇಲೆ ಎದುರಾಳಿಗೆ ಮೈ ಕೊಟ್ಟು ಗುದ್ದಿದರೆ ಸೀಟಿ ಬೀಳುತ್ತದೆ. ಮಂಜುಗಡ್ಡೆಯ ಮೇಲೆ, ಪಕ್ (ಚೆಂಡಿನ ಬದಲಿನ ಬಿಲ್ಲೆ) ಇಟ್ಟುಕೊಂಡವನನ್ನು ಭುಜ ಕೊಟ್ಟು ಪಕ್ಕದ ಹಲಗೆಗೆ ಒತ್ತುವುದು ಮರ್ಯಾದಸ್ಥ ಕಸುಬು. ಹೆಸರು ಬಾಡಿ ಚೆಕ್. ಹಾಗಾಗಿ ಬಾಗಿಲಲ್ಲಿ ನಿಲ್ಲಿಸಲು ಇಂಥವನೊಬ್ಬ ಬೇಕು ಎಂಬ ಆಸೆ ಎಲ್ಲ ತಂಡಗಳಿಗೂ.

ಚಾರಾನ ಅಪ್ಪ 1976ರ ಒಲಿಂಪಿಕ್ಸ್‌ನಲ್ಲಿ ಸೆಣಸಿದ್ದ ಪೈಲ್ವಾನ. ಮಗನ ಉದ್ದ ಕಂಡವರು ಬ್ಯಾಸ್ಕೆಟ್‌ಬಾಲ್ ಆಡಲು ಹೇಳಿದರು. ಆತ ಕೇಳಲಿಲ್ಲ. ಕಡೆಗೆ ನಿಯಮವೇ ಬಗ್ಗಬೇಕಾಯಿತು: ಈ ತಂಡಗಳೆಲ್ಲ ಆಡುವ ಎನ್‌ಎಚ್‌ಎಲ್ ಲೀಗ್‌ನಲ್ಲಿ ಸ್ಟಿಕ್ 63 ಇಂಚು ಮೀರುವಂತಿಲ್ಲ, ಆದರೆ ಆರೂವರೆ ಅಡಿ ದಾಟಿದವರಿಗೆ 65ರವರೆಗೆ ವಿನಾಯಿತಿ ಉಂಟು. ಸ್ಕೇಟ್ ಕಟ್ಟಿ ನಿಂತರೆ ಆತನ ಎತ್ತರ ಹತ್ತಿರಹತ್ತಿರ ಏಳಡಿ. ಸುತ್ತ ಹೋಗೋಣವೆಂದರೆ ಆ ಕೋಲು ಅಲ್ಲೂ ಇರುತ್ತದೆ, ಪಾಪ, ಎದುರಾಳಿ ಎಲ್ಲಿ ಹೋಗಬೇಕು?

ಇಷ್ಟಾದರೂ ಐಲ್ಯಾಂಡರ್ಸ್ ಪರ ನಾಲ್ಕು ಋತುಗಳಲ್ಲಿ ಆತ ಹೊಡೆದದ್ದು ಆರೇ ಗೋಲು. ಬಿಟ್ಟುಕೊಟ್ಟವರನ್ನು ದೂರುವಂತಿಲ್ಲ. ದೂರಬೇಕಾದ್ದು ಯಾಶಿನ್‌ಗೆ ಅವರು ಬರೆದುಕೊಟ್ಟ ಪತ್ರವನ್ನು: 10 ವರ್ಷ, 8.75 ಕೋಟಿ ಡಾಲರ್. 2007ರಲ್ಲಿ ಸಾಕಪ್ಪಾ ಎಂದು ಆತನನ್ನು ಕಳಿಸಿದರೂ, 2015ರವರೆಗೆ ವರ್ಷಕ್ಕೆ ಸುಮಾರು 22 ಲಕ್ಷ ಡಾಲರ್ ಎಣಿಸುತ್ತಲೇ ಇರಬೇಕಾಯಿತು. ಮಾರಿದ ಎಮ್ಮೆಗೆ ಹುಲ್ಲು ಹಾಕಿದ ಹಾಗೆ.

ಒಟ್ಟಾವಾದವರೂ ಜಾಣರೇನಲ್ಲ. ಸಂಬಳದ ಮಿತಿ ಬಂದಾಗ ಇಬ್ಬರು ಡಿಫೆಂಡರ್‌ಗಳ ಪೈಕಿ ವೇಡ್ ರೆಡೆನ್‌ನನ್ನು ಉಳಿಸಿಕೊಂಡು ಚಾರಾನನ್ನು ಬಿಟ್ಟರು. 2006ರ ಜುಲೈ 1ರಂದು ಬಾಸ್ಟನ್ ಬ್ರೂಯಿನ್ಸ್ 5 ವರ್ಷಕ್ಕೆ 3.75 ಕೋಟಿ ಡಾಲರ್ ಕೊಟ್ಟು ಕರೆದೊಯ್ದು, ನಾಯಕನ ಪಟ್ಟವನ್ನೂ ಕಟ್ಟಿತು. ಮೊದಲ ವರ್ಷ ಪ್ಲೇಆಫ್ ಕೂಡ ಸಿಗಲಿಲ್ಲ. ಆಮೇಲೆ 2009ರಲ್ಲಿ ಶ್ರೇಷ್ಠ ಡಿಫೆಂಡರ್‌ಗೆ ಸಲ್ಲುವ ನಾರಿಸ್ ಟ್ರೋಫಿ; 2011ರಲ್ಲಿ, 39 ವರ್ಷಗಳ ನಂತರ, ಬಾಸ್ಟನ್‌ಗೆ ಲೀಗ್ ಗೆದ್ದವರಿಗೆ ಸಲ್ಲುವ ಸ್ಟಾನ್ಲಿ ಕಪ್. 2012ರಲ್ಲಿ ಹೊಡೆತದ ಸ್ಪರ್ಧೆಯಲ್ಲಿ ಆತನ ಪಕ್ ಗಂಟೆಗೆ 175 ಕಿ.ಮೀ. ವೇಗದಲ್ಲಿ ಹಾರಿತು.

ಪಕ್ ಹಾರಿ ಬರುವುದೂ ಉಂಟಲ್ಲ. 2019ರ ಸ್ಟಾನ್ಲಿ ಕಪ್ ಫೈನಲ್ ಸರಣಿಯ ನಾಲ್ಕನೇ ಪಂದ್ಯದಲ್ಲಿ ಅದು ಆತನ ಬಾಯಿಗೇ ಬಡಿದು ದವಡೆ ಮುರಿಯಿತು. ವಯಸ್ಸು 42. ಮೂರು ದಿನದ ನಂತರ, ದವಡೆಗೆ ತಂತಿ ಕಟ್ಟಿಸಿಕೊಂಡು ಆತ ಐದನೇ ಪಂದ್ಯಕ್ಕೆ ಹಾಜರ್. ಬಾಸ್ಟನ್‌ನ ಗ್ಯಾಲರಿ ಎದ್ದು ನಿಂತು ಬೊಬ್ಬಿರಿಯಿತು.

2021ರಲ್ಲಿ, ಕೊಟ್ಟ ಇಪ್ಪತ್ತು ವರ್ಷಕ್ಕೆ, ಆ ಕೊಸರನ್ನು ಐಲ್ಯಾಂಡರ್ಸ್‌ನವರೇ ಒಂದು ವರ್ಷದ ಮಟ್ಟಿಗೆ ವಾಪಸು ಕರೆಸಿಕೊಂಡರು. ಅತಿ ಹೆಚ್ಚು ಪಂದ್ಯ ಆಡಿದ ಡಿಫೆಂಡರ್ ಎಂಬ ದಾಖಲೆಯನ್ನು 44ರ ಚಾರಾ ಮುರಿದದ್ದು ಅವರ ಅಂಗಿಯಲ್ಲೇ. ಆ ಋತುವಿನಲ್ಲಿ ಹೊಡೆದ ಗೋಲು? ಎರಡು.